ತಂದವರಿಗೆ, ಕೇಳಿದ ಕೂಡಲೇ

ಮೊದಲನೆಯದು ಬಂದದ್ದು ಹೊಳೆಬಾಗಿಲಿನಲ್ಲಿ,
ಸಂಜೆಯ ಕೊನೆಯ ಲಾಂಚಿಗೆ.
ಜೀಪಿನವನೊಬ್ಬ ಮಡಿಸಿ ಕೊಟ್ಟ ನೋಟುಗಳ ನಡುವೆ
ನೀಲಿಯದೊಂದು, ಗಾಂಧಿ ಇಲ್ಲದ್ದು.
ಬ್ಯಾಟರಿ ಬೆಳಕಿನಲ್ಲಿ ಲೆಕ್ಕ ಹಾಕುವಾಗ ಕಂಡಿತು:
ಎಡಕ್ಕೆ ಬಂದರಿನ ಹಡಗು,
ಬಲಕ್ಕೆ ಕೊಯ್ದು ನಿಲ್ಲಿಸಿದ ಪೈರಿನ ಕಟ್ಟು.
ಕ್ಯಾಶಿಗೆ ನನ್ನ ಜೇಬಿನಿಂದ ಐವತ್ತು ಹಾಕಿ
ಅದನ್ನು ಟಿಕೆಟ್ ಪುಸ್ತಕದೊಳಗೆ ಮಲಗಿಸಿದೆ.

"ಯಾವ ಊರಿನದೋ ಕಾಗದಕ್ಕೆ ಐವತ್ತು ರೂಪಾಯಿ!"
ಗುತ್ಯಮ್ಮ ಅಂದದ್ದು ಅಷ್ಟೇ. ಆಮೇಲೆ
ಹಡಗಿನ ಮೇಲೆ ಬೆರಳಾಡಿಸಿ, "ಉಬ್ಬಿಕೊಂಡಿದೆ ನೋಡಿ," ಎಂದಳು.
ಮಸಿ ಉಬ್ಬಿತ್ತು. ಕತ್ತಲಲ್ಲೂ ಸಿಗುವ ಹಡಗು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇಮಾಂಸಾಬರದು
ವಾಚು ರಿಪೇರಿ; ಗಾಜಿನ ಕೆಳಗೆ ಹಳೆ ನಾಣ್ಯ.
ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹೇಳಿದರು:
"ಇದು ಸ್ಕಾಟ್ಲೆಂಡು. ಅಲ್ಲಿ ಸರ್ಕಾರ ಅಲ್ಲ,
ಬ್ಯಾಂಕುಗಳೇ ನೋಟು ಹೊಡೆಯುತ್ತವೆ, ಅದರದ್ದು ಅದಕ್ಕೆ.
ಒಂದಂತೂ ನಾರುಬಟ್ಟೆ ವ್ಯಾಪಾರಕ್ಕೆಂದೇ ಹುಟ್ಟಿದ್ದು."
ನನಗೆ ನಗು. ನಮ್ಮೂರ ಸೊಸೈಟಿ ನೋಟು ಹೊಡೆದಿದ್ದರೆ
ಏನಿರುತ್ತಿತ್ತು ಅದರ ಮೇಲೆ? ಯೂರಿಯಾ ಚೀಲ,
ಸೆಕ್ರೆಟರಿಯ ಕನ್ನಡಕ.

ಹನ್ನೊಂದು ವರ್ಷಕ್ಕೆ ಇಪ್ಪತ್ತಮೂರು ನೋಟು.
ಎರಡು ಕಾಲಲ್ಲಿ ನಿಂತ ಸಿಂಹ, ಮುಳ್ಳಿನ ಹೂವು,
ಒಂದರ ಹಿಂದೆ ಹೊಲದ ಇಲಿ.
ದುಡ್ಡಿನ ಮೇಲೆ ಇಲಿ ಕೂರಿಸಿದವರನ್ನು ನಂಬಬಹುದು ಅನ್ನಿಸಿತು.
ಮಡಿಕೆ ಇಲ್ಲದ್ದಕ್ಕೆ ಬೆಲೆ ಜಾಸ್ತಿ.
ನಾನು ಮಡಿಸಿದ್ದನ್ನೇ ಆರಿಸುತ್ತೇನೆ,
ಯಾರೋ ಎಂಟು ಮಡಿಕೆ ಹಾಕಿ ಕಾಲುಚೀಲದಲ್ಲಿ ಅಡಗಿಸಿದ್ದು,
ಎಡಮೂಲೆಯಲ್ಲಿ ಎರಡು ಪಿನ್ನಿನ ತೂತಿರುವುದು.
ಇಮಾಂಸಾಬರ ಪಟ್ಟಿಯಲ್ಲಿ ತೂತು ಎಂದರೆ ದೋಷ.
ಸಾಗರದ ಬ್ಯಾಂಕಿನಲ್ಲೂ ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದರಲ್ಲ,
ಕೀಳುವಾಗ ಉಗುರಿನಡಿ ರಕ್ತ.
ಅಲ್ಲಿಯ ಗುಮಾಸ್ತನಿಗೂ ಚುಚ್ಚಿರಬೇಕು.

ಅತಿ ಹಳೆಯದಕ್ಕೆ ಬೆನ್ನೇ ಇಲ್ಲ, ಬರೀ ಬಿಳಿ.
ಅಲ್ಲಿ ಪೆನ್ಸಿಲಿನಲ್ಲಿ ಯಾರದೋ ಕೂಡುವ ಲೆಕ್ಕ:
ಹದಿನಾಲ್ಕು, ಆರು, ಮತ್ತೆ ಆರು. ಮೊತ್ತ ತಪ್ಪು.
ತಿದ್ದಲಿಲ್ಲ ನಾನು.

ಎಲ್ಲದರಲ್ಲೂ ಒಂದೇ ಮಾತು, ಮಗಳು ಓದಿ ಹೇಳಿದ್ದು:
ತಂದವರಿಗೆ, ಕೇಳಿದ ಕೂಡಲೇ, ಕೊಡುತ್ತೇವೆ.
ಆಲ್ಬಮ್ಮಿನ ಕೊನೆಯ ಜೇಬಿನಲ್ಲಿ
ಅಪ್ಪನ ಚೀಟಿ ಇದೆ, ಅಣೆಕಟ್ಟಿನ ಕಾಲದ್ದು.
ನೇರಳೆ ಮೊಹರು, ಸರ್ವೆ ನಂಬರು,
ಎರಡೆಕರೆ ಮೂರು ಗುಂಟೆ.
ಅಪ್ಪ ಕೇಳಿದ್ದ. ಕೂಡಲೇ ಕೇಳಿದ್ದ,
ಆಮೇಲೂ ಕೇಳಿದ್ದ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೇಳಿದ್ದ.
ಇಮಾಂಸಾಬರು ಅದನ್ನೂ ಕಣ್ಣ ಹತ್ತಿರ ಹಿಡಿದು
ಬಹಳ ಹೊತ್ತಿನ ಮೇಲೆ, "ಅಪರೂಪದ್ದು," ಎಂದರು.
ಬೆಲೆ ಹೇಳಲಿಲ್ಲ.

ಸೇತುವೆಯ ನೋಟೊಂದು ಅವರಲ್ಲಿ ಎಷ್ಟೋ ದಿನ ಬಿದ್ದಿತ್ತು.
ರೈಲು ಹೋಗುವ ಕಬ್ಬಿಣದ ಸೇತುವೆ, ಮೂರು ಗೂನು.
ಲಾಂಚಿನವನು ದುಡ್ಡು ಕೊಟ್ಟು ಸೇತುವೆ ತರುವುದೆ?
ಅಷ್ಟರಲ್ಲಿ ನಮ್ಮ ಹಿನ್ನೀರಿನಲ್ಲೂ ಕಂಬ ಎದ್ದವು, ಒಂದೊಂದೇ.
ಜನ ಓಡಾಡಲು ಬಿಟ್ಟ ಮರುವಾರ ನಡೆದೇ ದಾಟಿದೆ.
ಹೆರಿಗೆ ನೋವಿನ ಹೆಂಗಸನ್ನು ಬೆಳಗಾಗುವವರೆಗೆ
ದಡದಲ್ಲಿ ಕೂರಿಸಿಕೊಂಡ ನೆನಪಿರುವವನು
ಸೇತುವೆಯನ್ನು ಬೈಯಬಾರದು. ಬೈಯಲಿಲ್ಲ.
ಕೆಳಗೆ ಲಾಂಚು ಹಗ್ಗದಲ್ಲಿ ನಿಂತಿತ್ತು,
ಮೇಲಿನಿಂದ ನೋಡಿದರೆ ನೋಟಿನಷ್ಟು.
ಮಾರನೆಯ ದಿನ ಶಿವಮೊಗ್ಗದ ಬಸ್ಸು ಹತ್ತಿ
ಮೂರು ಗೂನನ್ನು ಮನೆಗೆ ತಂದೆ. ಚೌಕಾಸಿ ಮಾಡಿಯೇ.

ಇವತ್ತು ಕರೆಂಟಿಲ್ಲ. ಮೊದಲಿನ ನೀಲಿ ತೆಗೆದು
ಮಸೂರದಡಿ ಇಟ್ಟು ಪೈರಿನ ಕಟ್ಟು ಎಣಿಸಲು ಕೂತೆ.
ಹತ್ತಿರ ಹೋದಷ್ಟೂ ತೆನೆಯಿಲ್ಲ, ಕಟ್ಟಿಲ್ಲ,
ಗೆರೆ, ಗೆರೆಯ ಪಕ್ಕ ಗೆರೆ,
ಗಾಳಿಯಿಲ್ಲದ ದಿನದ ಹಿನ್ನೀರಿನ ಹಾಗೆ.
"ಎಷ್ಟಿವೆಯಂತೆ?" ಗುತ್ಯಮ್ಮ ಕೇಳಿದಳು.
"ಎರಡೆಕರೆಯಷ್ಟು," ಎಂದೆ.
ಗುಂಟೆ ಲೆಕ್ಕಕ್ಕೆ ಸಿಗಲಿಲ್ಲ.